ಕಾಪುವಿನ ತಾರಸಿ ಮೇಲಿನ ಆಂಟೆನಾ

ವಿಮಾನ ಇಳಿಯುವುದಕ್ಕೆ ದಾರಿ ತೋರುವ ಯಂತ್ರ ನೆಲದ ಮೇಲಿರುತ್ತದೆ. ಆಕಾಶದಲ್ಲಿ ಕಾಣುವ ಉಪಗ್ರಹಗಳನ್ನೆಲ್ಲ ಅದು ನೆಚ್ಚಿಕೊಳ್ಳಲಾರದು. ಇಂಥಿಂಥವು ಸಾಕು ಎಂದು ಆರಿಸಬೇಕು. ಆ ಆರಿಸುವ ಪ್ರೋಗ್ರಾಂ ಬರೆದವನು ಕಾಪುವಿನ ಜೋವಿನ್. ಅದನ್ನು ಪರೀಕ್ಷಿಸುವವಳು ಕಾರ್ಕಳದ ದೀಕ್ಷಿತಾ. ಇಬ್ಬರೂ ಮಣಿಪಾಲದಲ್ಲಿ ಪ್ರೊಫೆಸರ್ ತಾರಾನಾಥರ ಕೈಕೆಳಗೆ ಸಂಶೋಧನೆ ಮಾಡುವವರು. ಖಾಯಂ ಕೆಲಸ ಇದ್ದದ್ದು ಒಂದೇ, ಅದು ಇಬ್ಬರಲ್ಲಿ ಒಬ್ಬರಿಗೆ. ಇದು ದೀಕ್ಷಿತಾಳ ತಲೆಯನ್ನು ಹಗಲಿರುಳು ಕೊರೆಯುತ್ತಿತ್ತು.

ಮಣಿಪಾಲದಲ್ಲಿ ಎತ್ತ ನೋಡಿದರೂ ಕಟ್ಟಡ. ಹಾಗಾಗಿ ಉಪಗ್ರಹಗಳ ಸಂಕೇತ ಹಿಡಿಯುವ ಆಂಟೆನಾ ಕೂರಿಸಿದ್ದು ಜೋವಿನ್ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಮೇಲೆ. ಪ್ರತಿ ಆದಿತ್ಯವಾರ ದೀಕ್ಷಿತಾ ಅಲ್ಲಿಗೆ ಹೋಗಿ ಪರೀಕ್ಷೆ ಮಾಡುತ್ತಿದ್ದಳು. ಜೋವಿನ್‌ನ ಅಮ್ಮ ಮ್ಯಾಗ್ಡಲಿನ್ ಇಗರ್ಜಿಯಿಂದ ಬಂದವರೇ ಅವಳಿಗೆಂದು ಬಂಗುಡೆ ಮೀನು ಹುರಿಯುತ್ತಿದ್ದರು.

ತಪ್ಪು ಸಿಕ್ಕಿದ್ದೂ ಒಂದು ಆದಿತ್ಯವಾರವೇ, ಊಟಕ್ಕೆ ಸ್ವಲ್ಪ ಮೊದಲು. ಜೋವಿನ್ ಆರಿಸಿದ ಉಪಗ್ರಹಗಳಲ್ಲಿ ಒಂದು ಕೈಕೊಟ್ಟರೆ ಉಳಿದವೆಲ್ಲ ಸಮುದ್ರದ ಕಡೆಗೇ ಗುಂಪಾಗಿ ಉಳಿಯುತ್ತಿದ್ದವು. ಹಾಗಾದರೆ ವಿಮಾನ ಎಲ್ಲಿದೆ ಎನ್ನುವ ಲೆಕ್ಕವೇ ಹಾಳು. ಆ ಪಾಪದವನಿಗೆ ಇದು ಹೊಳೆದಿರಲೇ ಇಲ್ಲ. ಹೇಳಿದ್ದರೆ ಎರಡು ದಿನದಲ್ಲಿ ಸರಿಮಾಡುತ್ತಿದ್ದ. ಈ ಮಹಾತಾಯಿ ಬಾಯಿ ಬಿಟ್ಟಳೇ? ಲ್ಯಾಪ್‌ಟಾಪ್ ಮುಚ್ಚಿ, ಕೈ ತೊಳೆದು, ಎರಡು ಬಂಗುಡೆ ಹಾಕಿಸಿಕೊಂಡು ಉಂಡಳು.

ಹನ್ನೆರಡು ದಿನ ಕಳೆದು ಪರಿಶೀಲನೆಗೆ ಹೊರಗಿನ ತಜ್ಞರು ಬಂದರು. ಜೋವಿನ್ ವಿವರಿಸಿ ಮುಗಿಸಿದ. ಆಗ ದೀಕ್ಷಿತಾ ಎದ್ದು ನಿಂತು, ಬಲು ವಿನಯದಿಂದ, ಲೆಕ್ಕದಿಂದ ಒಂದು ಉಪಗ್ರಹ ತೆಗೆದು ನೋಡೋಣವೇ ಎಂದಳು. ತೆಗೆದರು. ಪರದೆಯ ಮೇಲೆ ವಿಮಾನ ರನ್‌ವೇ ಬಿಟ್ಟು ಪಕ್ಕದಲ್ಲಿ ಇಳಿಯಿತು. ಬಂದವರಲ್ಲಿ ಒಬ್ಬರು ನಕ್ಕೇಬಿಟ್ಟರು. ತಾರಾನಾಥರು ಎಲ್ಲರೆದುರೇ ಜೋವಿನ್‌ನ ಮಾನ ಹರಾಜು ಹಾಕಿದರು. ದೀಕ್ಷಿತಾಳ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ಅವಳಿಗೆ ಖುಷಿಯೇ ಆಯಿತು. ಕೆಲಸ ಅವಳ ಪಾಲಾಯಿತು. ಜೋವಿನ್ ಮತ್ತೆ ಮಣಿಪಾಲದ ಕಡೆ ತಲೆ ಹಾಕಲಿಲ್ಲ.

ಆಂಟೆನಾ ಬಿಚ್ಚಿ ತರಬೇಕಿತ್ತು. ಕಾಪುವಿಗೆ ಅವಳೇ ಹೋದಳು. ಜೋವಿನ್ ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಮ್ಯಾಗ್ಡಲಿನ್ ತಾರಸಿಯವರೆಗೆ ಜೊತೆಗೆ ಬಂದರು.

“ನೀನು ತಪ್ಪು ಹಿಡಿದ ಪರೀಕ್ಷೆಯ ಫೈಲಿನಲ್ಲಿ ಆ ಆದಿತ್ಯವಾರದ ತಾರೀಕು ಉಂಟಂತೆ, ಜೋವಿನ್ ನೋಡಿದ್ದಾನೆ,” ಎಂದರು. “ನಮ್ಮಲ್ಲಿ ಊಟ ಮಾಡುವಾಗ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಆಂಟಿ.”

ದೀಕ್ಷಿತಾ ಟ್ಯಾಂಕಿಗೆ ಏಣಿ ಒರಗಿಸಿದಳು. ಅದು ಅಲುಗಾಡಿತು.

“ಸ್ವಲ್ಪ ಹಿಡಿದುಕೊಳ್ಳಿ,” ಎಂದಳು.

ಕೊಬ್ಬು ಅಂದರೆ ಇದು. ಮ್ಯಾಗ್ಡಲಿನ್ ಎರಡೂ ಕೈಯಲ್ಲಿ ಏಣಿ ಹಿಡಿದು, ಅವಳು ಬೋಲ್ಟ್ ಬಿಚ್ಚಿ ಇಳಿಯುವವರೆಗೂ ನಿಂತರು.