ಕಮಲಾಬಾಯಿಯವರ ಇಬ್ಬರು ಕೊರಿಯನ್ ಅತ್ತೆಯರು

ಕಮಲಾಬಾಯಿಯವರು ಒಂದೇ ಧಾರಾವಾಹಿಗೆ ತೃಪ್ತರಾದದ್ದನ್ನು ನಾನು ಕಂಡಿಲ್ಲ. ಒಂದೇ ಬಗೆಯ ಕಥೆಯಿರುವ ಎರಡು ಕೊರಿಯನ್ ಧಾರಾವಾಹಿಗಳನ್ನು ಫೋನಿನಲ್ಲಿ ಹುಡುಕಿಸಿ, ಇದರದೊಂದು ಕಂತು ಅದರದೊಂದು ಕಂತು ಎಂದು, ಎರಡು ಬೆಲ್ಲದ ಪೆಂಟೆಗಳಿಂದ ಚೂರು ಮುರಿದು ಬಾಯಿಗಿಟ್ಟುಕೊಳ್ಳುವವರ ಗಾಂಭೀರ್ಯದಿಂದ ರುಚಿ ನೋಡುತ್ತಾರೆ.

ಅಥಣಿಯಲ್ಲಿ ನಮ್ಮ ಎದುರುಮನೆಯವರು. ಎಪ್ಪತ್ತರ ಹತ್ತಿರದ ವಯಸ್ಸು, ಎಡಗಾಲನ್ನು ತುಸು ಎಳೆದಿಡುವ ನಡಿಗೆ, ಮಾತಿಗೊಮ್ಮೆ "ಹಂಗಲ್ಲದು" ಎನ್ನುವ ಚಾಳಿ. ಹೊತ್ತು ಮುಳುಗುವ ಮುನ್ನವೇ ಊಟ ಮುಗಿಸುವ ಈ ಜೈನ ಗೃಹಿಣಿಗೆ, ಕೊರಿಯದವರು ನಡುರಾತ್ರಿಯಲ್ಲಿ ಶಾವಿಗೆ ಉಣ್ಣುವುದನ್ನು ಕಂಡರೆ ತಡೆಯಲಾಗದು. "ಹಗಲೆಲ್ಲಾ ಏನ ಮಾಡತಿದ್ರಿ?" ಎಂದು ಫೋನಿಗೇ ಗದರುತ್ತಾರೆ.

ಕಳೆದ ಬೇಸಿಗೆಯ ಜೋಡಿಯಲ್ಲಿ, ಎರಡರಲ್ಲೂ ಮಗನನ್ನು ಕಳೆದುಕೊಂಡ ಅತ್ತೆ, ಮರುಮದುವೆಯ ಹೊಸ್ತಿಲಲ್ಲಿ ನಿಂತ ಸೊಸೆ. ಒಂದರಲ್ಲಿ ಹಿಮ ಸುರಿಯುತ್ತದೆ, ಅತ್ತೆ ಮಗನ ಕೋಟನ್ನು ಅವಚಿಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ. ಇನ್ನೊಂದರಲ್ಲಿ ಅತ್ತೆ ತಾನೇ ಸೊಸೆಯ ವರಾನ್ವೇಷಣೆಗೆ ಹೊರಟು, ಒಬ್ಬನ ಗೊರಕೆಯನ್ನೂ ಇನ್ನೊಬ್ಬನ ಜಿಪುಣತನವನ್ನೂ ಪತ್ತೆಹಚ್ಚಿ ಓಡಿಸುತ್ತಾಳೆ.

ಕಮಲಾಬಾಯಿಯವರ ಪಕ್ಕದಲ್ಲಿ ಕೂತು ನೋಡುತ್ತಿದ್ದ ಸೊಸೆ ರೂಪಾಲಿಯೂ ವಿಧವೆಯೇ. ಇವರ ಮಗ ಜಿನೇಂದ್ರ ಬೈಕ್ ಅಪಘಾತದಲ್ಲಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ನಿಪ್ಪಾಣಿಯ ವೃಷಭ ಎಂಬಾತ ಅವಳನ್ನು ಮದುವೆಗೆ ಕೇಳಿದ್ದ; ಅವಳಿಗೂ ಮನಸ್ಸಿತ್ತು, ಆದರೆ ಅತ್ತೆ ಒಪ್ಪದೆ ಹೊಸ್ತಿಲು ದಾಟಲಾರೆನೆಂದು ಕೂತಿದ್ದಳು. ಮಾವ ಜಿನ್ನಪ್ಪನವರು "ಆಕೀನ್ನ ಕೇಳ್ರಿ" ಎಂದು ಎಲ್ಲವನ್ನೂ ಹೆಂಡತಿಯ ಮೇಲೆ ಹಾಕಿದ್ದರು. ಕಮಲಾಬಾಯಿ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಎರಡೂ ಕಥೆಗಳು ಒಂದೇ ಮಧ್ಯಾಹ್ನ ಮುಗಿದವು. ನಾನು ಚಹಾ ಕುಡಿಯುತ್ತ ಅಲ್ಲೇ ಇದ್ದೆ. ರೂಪಾಲಿ ಕಣ್ಣೊರೆಸಿಕೊಂಡು, "ಎರಡರಾಗ ಯಾವದು ಖರೇ ಅನಸ್ತೈತ್ರಿ, ಅತ್ಯಾ?" ಎಂದಳು.

"ಎರಡೂ ಖರೇನ. ಎರಡರಾಗೂ ಮಗಾ ಹೋಗ್ಯಾನ. ಒಬ್ಬಾಕಿ ಕೋಟ ಅವಚಿಕೊಂಡು ಅತ್ತಳು, ಇನ್ನೊಬ್ಬಾಕಿ ನಕ್ಕೋತ ಒಳಗ ಅತ್ತಳು, ಅಷ್ಟ." ಫೋನನ್ನು ಅವಳ ಉಡಿಗೆ ಹಾಕಿದರು. "ನಿಪ್ಪಾಣಿಯವರಿಗೆ ಬರ್ರಿ ಅಂತ ಹೇಳ. ಆದ್ರ ಆ ಹುಡುಗಾ ಗೊರಕಿ ಹೊಡಿತಾನೇನು, ಮೊದಲ ನಾ ಕೇಳಾಕಿ."

ರೂಪಾಲಿ ನಕ್ಕಳು, ನಗುತ್ತಲೇ ಅತ್ತೆಯ ಮಡಿಲಿಗೆ ಕುಸಿದು ಬಿಕ್ಕಿದಳು. ಕಮಲಾಬಾಯಿ ಅಳಲಿಲ್ಲ, ಸೊಸೆಯ ತಲೆಯನ್ನು ಮತ್ತೆ ಮತ್ತೆ ಸವರಿದರು. ನಾನು ಬೆರಗಾಗಿ ನೋಡುತ್ತ ಕೂತೆ.

ಬಂದ ದುಃಖವನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ಆದರೆ ಅದನ್ನು ಯಾವ ದನಿಯಲ್ಲಿ ಹೇಳಬೇಕೆಂದು ಆರಿಸಿಕೊಳ್ಳಬಲ್ಲ ಕೆಲವು ಹೆಂಗಸರಿದ್ದಾರೆ. ಅವರ ಮನೆಯಿಂದ ಹೊರಡುವ ಹೆಣ್ಣು, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಹೋಗುವುದಿಲ್ಲ.