ಬೈಕಿನಿಂದ ಬಿದ್ದವರು

ನಮ್ಮ ದವಾಖಾನೆಯ ಕೇಸ್ ಪೇಪರುಗಳನ್ನು ನಂಬುವುದಾದರೆ ಇಳಕಲ್ ಸುತ್ತ ಯಾರ ಮೇಲೂ ಕಲ್ಲು ಬಿದ್ದಿಲ್ಲ. ಕ್ವಾರಿಯಲ್ಲಿ ಕಾಲು ಜಜ್ಜಿಸಿಕೊಂಡು ಬಂದವರೆಲ್ಲ ಬೈಕಿನಿಂದ ಬಿದ್ದವರೇ. ಕಲ್ಲು ಎಂದರೆ ಪೊಲೀಸರು ಬರುತ್ತಾರೆ, ಕ್ವಾರಿಗೆ ಬೀಗ ಬೀಳುತ್ತದೆ, ನಲವತ್ತು ಮಂದಿಯ ಕೆಲಸ ಹೋಗುತ್ತದೆ. ತಾನೇ ಜಾರಿ ಬಿದ್ದೆ ಎಂದರೆ ಯಾರಿಗೂ ತ್ರಾಸಿಲ್ಲ.

ನನ್ನ ತಮ್ಮ ಅಶ್ಫಾಕನೂ ಹಾಗೇ ಬಿದ್ದವನು. ಎರಡು ವರ್ಷದ ಹಿಂದೆ ಅವನನ್ನು ಹೊತ್ತು ತಂದಾಗ ಕ್ಯಾಜುವಾಲ್ಟಿಯಲ್ಲಿ ಡ್ಯೂಟಿಯ ಮೇಲಿದ್ದ ನರ್ಸ್ ನಾನೇ. ಜೊತೆಗೆ ಬಂದವನು ಕ್ವಾರಿಯ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ನೀಲಪ್ಪ, ನಾವು ಸಣ್ಣವರಿದ್ದಾಗಿನಿಂದ ಕಾಕಾ ಎಂದು ಕರೆದವನು. ಅಶ್ಫಾಕ ಮೊದಲು ಅವನ ಮುಖ ನೋಡಿದ, ಆಮೇಲೆ ನನಗೆ ಹೇಳಿದ: “ಬೈಕ್ ಜಾರ್ತು, ಆಪಾ.” ಸ್ವಂತ ಅಕ್ಕನಿಗೇ ಸುಳ್ಳು. ನಾನು ಹಾಗೇ ಬರೆದೆ.

ಎಲುಬು ಮುರಿದಿದೆ ಎಂದು ಕಟ್ಟು ಹಾಕಿ, ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದೆವು. ತಾಸುಗಟ್ಟಲೆ ಕಲ್ಲಿನಡಿ ಸಿಕ್ಕ ಕಾಲಿನಲ್ಲಿ ಮಾಂಸ ಸಾಯುತ್ತದೆ. ಕಲ್ಲು ಎತ್ತಿದ ಮೇಲೆ ಅದರ ವಿಷ ರಕ್ತಕ್ಕಿಳಿದು ಕಿಡ್ನಿ ಕೆಡಿಸುತ್ತದೆ, ಹೃದಯ ನಿಲ್ಲಿಸುತ್ತದೆ. ಬೈಕಿನಿಂದ ಬಿದ್ದವನಲ್ಲಿ ಅದನ್ನು ಯಾರು ಹುಡುಕುತ್ತಾರೆ? ಮರುದಿನ ಮುಂಜಾನೆ ಅವನ ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಇಳಿಹೊತ್ತಿನ ಅಸರ್ ನಮಾಜಿಗೆ ಮಣ್ಣು ಮಾಡಿದೆವು. ಮಣ್ಣಿಗೆ ಮುಂಚೆ ಮೈ ತೊಳೆದು ಅವನಿಗೆ ಗುಸಲ್ ಮಾಡಿಸಿದವರು ಆಮೇಲೆ ಹೇಳಿದರು, ಕಾಲ್ಬೆರಳ ಸಂದಿಯ ತುಂಬ ಕಲ್ಲಿನ ಪುಡಿ ಇತ್ತೆಂದು. ನೀಲಪ್ಪ ಬಂದು ನನಗಿಂತ ಜೋರಾಗಿ ಅತ್ತಿದ್ದ. ಆವತ್ತಿನಿಂದ ನಾನು ಅವನ ಮೇಲೆ ಹಲ್ಲು ಮಸೆಯುತ್ತಿದ್ದೆ.

ಕಳೆದ ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕು ಮಂದಿ ಆ ನೀಲಪ್ಪನನ್ನೇ ಹೊತ್ತು ತಂದರು.

“ಬೈಕಿಂದ ಬಿದ್ದಾರ್ರಿ, ಸಿಸ್ಟರ್” ಎಂದರು ನಾಲ್ವರೂ.

ಬಲಗಾಲು ತೊಡೆಯವರೆಗೆ ಬಾತು ಬಿರುಸಾಗಿತ್ತು, ಪಾದ ತಣ್ಣಗಿತ್ತು. ಆದರೆ ಅಂಗಿ ಎಲ್ಲೂ ಹರಿದಿರಲಿಲ್ಲ, ಅಂಗೈ ತರಚಿರಲಿಲ್ಲ. ಈ ಬೈಕನ್ನು ನಾನು ಚೆನ್ನಾಗಿ ಬಲ್ಲೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಎರಡು ವರ್ಷ ಉರಿದ ಹೊಟ್ಟೆಗೆ ತಣ್ಣೀರು ಬಿದ್ದ ಹಾಗಾಯಿತು.

ಆದರೂ ಕೈ ತನ್ನ ಕೆಲಸ ಬಿಡಲಿಲ್ಲ. ಸಲೈನ್ ಹಚ್ಚಿ ಜೋರಾಗಿ ಬಿಟ್ಟೆ, ಇಸಿಜಿ ತೆಗೆದೆ. ಗೆರೆಗಳು ಚೂಪಾಗಿ ಎದ್ದು ನಿಂತಿದ್ದವು. ವಿಷ ಹೃದಯಕ್ಕೆ ಮುಟ್ಟಿತ್ತು. ಕಾಗದದ ಮೇಲೆ ಮೂರು ಗಂಟೆ ಹತ್ತು ನಿಮಿಷ ಎಂದು ಅಚ್ಚಾಗಿತ್ತು. ಮೇಲಿನ ಹೆರಿಗೆ ಕೋಣೆಯಲ್ಲಿದ್ದ ಡಾಕ್ಟರ್ ಮಹಾನಂದಾ ಅವರಿಗೆ ಆ ಕ್ಷಣವೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಕೇಸ್ ಪೇಪರ್ ತೆಗೆದುಕೊಂಡು ಅವನ ಪಕ್ಕ ನಿಂತೆ.

“ಕಾಕಾ, ನೀವ ಹೇಳ್ರಿ. ಏನಾತು?”

“ಬೈಕ್, ತಂಗಿ.” ಕಣ್ಣು ಮುಚ್ಚಿಕೊಂಡೇ ಹೇಳಿದ. ಕ್ವಾರಿ ಮಾಲಕನ ಉಪ್ಪು ತಿಂದವನು, ಉಂಡ ಮನೆಗೆ ಎರಡು ಬಗೆಯಬಾರದಲ್ಲ!

“ಆತು, ಹಂಗ ಬರೀತೇನಿ. ಅಶ್ಫಾಕಗ ಏನ್ ಮಾಡಿದ್ವಿ, ನಿಮಗೂ ಅದನ್ನ ಮಾಡ್ತೇವಿ. ಒಂದು ಕಟ್ಟು, ಒಂದು ನೋವಿನ ಇಂಜೆಕ್ಷನ್. ನಾಳೆ ಮುಂಜಾನಿ ಉಚ್ಚಿ ಕರ್ರಗ ಆಗ್ತೈತಿ. ಮುಂದಿಂದು ನಿಮಗ ಗೊತ್ತೈತಿ, ಮಣ್ಣಿಗೆ ಬಂದಿದ್ರಲ್ಲ.”

ನೀಲಪ್ಪ ಕಣ್ಣು ತೆರೆದ. ಹೊತ್ತು ತಂದವರಲ್ಲೊಬ್ಬ, “ಡಾಕ್ಟರ್ರನ್ನ ಕರೀರಿ, ಸಿಸ್ಟರ್” ಎಂದ.

“ಬೈಕಿನ ಕೇಸಿಗೆ ಏನ್ ಅವಸರ ಐತ್ರಿ?” ಎಂದೆ.

ನೀಲಪ್ಪನ ಹಣೆಯ ಮೇಲೆ ಬೆವರು ಒಡೆಯಿತು. ತುಟಿಗಳು ಅಲುಗಿದವು. “ಕಲ್ಲು…”

“ಕೇಳಿಸಲಿಲ್ರಿ.”

“ಕಲ್ಲು ಬಿತ್ತವಾ! ಮೂರು ತಾಸು ಅದರ ಕೆಳಗ ಇದ್ದೆ!”

ಕ್ಯಾಜುವಾಲ್ಟಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

“ಮತ್ತ ಅಶ್ಫಾಕ?”

“ಅವನ ಮ್ಯಾಲೂ ಕಲ್ಲ. ಬೈಕ್ ಅನ್ನು ಅಂತ ನಾನ ಹೇಳಿದ್ದೆ. ಮಾಲಕರ ಫೋನ್ ಬಂದಿತ್ತು. ತಪ್ಪಾತು, ತಂಗಿ.”

ಆಗ ಫೋನ್ ಮಾಡಿದೆ. ಗೋಡೆಯ ಗಡಿಯಾರದಲ್ಲಿ ಮೂರು ಹದಿನಾಲ್ಕು. ಡಾಕ್ಟರ್ ಮೆಟ್ಟಿಲಿಳಿದು ಓಡಿ ಬಂದರು. ಹೃದಯ ಕಾಯುವ ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟೆವು, ವಿಷ ಇಳಿಸುವ ಔಷಧ ಹಚ್ಚಿದೆವು. ಬಾಗಲಕೋಟೆಗೆ ಡಯಾಲಿಸಿಸ್‌ಗೆ ಕಳಿಸುವುದೆಂದಾಯಿತು. ಪೊಲೀಸರಿಗೆ ಕಳಿಸುವ ಕಾಗದವನ್ನು ನಾನು ಬರೆದೆ. ಕಲ್ಲಿನ ಮಾತು, ಅಶ್ಫಾಕನ ಮಾತು, ಎರಡೂ ಅವನು ಹೇಳಿದ ಹಾಗೇ. ಕೆಳಗೆ ಡಾಕ್ಟರ್ ಸಹಿ ಮಾಡಿದರು.

ಆಮೇಲೆ ಅವರು ಇಸಿಜಿಯ ಹೊತ್ತು ನೋಡಿ ನನ್ನನ್ನು ಮೂಲೆಗೆ ಕರೆದರು. “ನಾಕು ನಿಮಿಷ ಏನ್ ಮಾಡಾಕತ್ತಿದ್ದಿ, ನರ್ಗೀಸ?”

“ಬಾಯಿ ಬಿಡಿಸಾಕತ್ತಿದ್ದೆ, ಮೇಡಂ.”

“ಅಷ್ಟರಾಗ ಹೃದಯ ನಿಂತಿದ್ರ?”

ಅವರು ದನಿ ತಗ್ಗಿಸಿದರು. “ಮೂರೂ ಹತ್ತಕ್ಕ ಕರದೆ ಅಂತ ಬರಿ. ಇಲ್ಲಂದ್ರ ನಿನ್ನ ನೌಕರಿ ಹೋಗ್ತೈತಿ.”

ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದರು. ಅಶ್ಫಾಕನೂ ನಲವತ್ತು ಮಂದಿಯ ಮೇಲಿನ ಪ್ರೀತಿಯಿಂದಲೇ ಬೈಕ್ ಎಂದು ಹೇಳಿದ್ದ. ಮೂರು ಹದಿನಾಲ್ಕು ಎಂದೇ ಬರೆದು ಸಹಿ ಮಾಡಿದೆ. ಅವರು ತಲೆ ಅಲ್ಲಾಡಿಸಿ ವಾರ್ಡಿಗೆ ಹೋದರು.

ಆಂಬುಲೆನ್ಸಿನಲ್ಲಿ ನೀಲಪ್ಪನ ಜೊತೆ ನಾನೇ ಹೋದೆ. ಕಮತಗಿ ದಾಟುವಾಗ ಅವನ ನಾಡಿ ಇಳಿಯತೊಡಗಿತು. ಡಾಕ್ಟರ್‌ಗೆ ಫೋನ್ ಹಚ್ಚಿ, ಅವರು ಹೇಳಿದಂತೆ ಮತ್ತೊಂದು ಕ್ಯಾಲ್ಸಿಯಂ ಕೊಟ್ಟೆ. ಕೆನ್ನೆ ತಟ್ಟಿ ತಟ್ಟಿ ಎಚ್ಚರ ಇಟ್ಟೆ. ನಾಡಿ ತಿರುಗಿ ಏರಿದಾಗ ಅವನ ಕಣ್ಣಲ್ಲಿ ನೀರು ಬಂತು.

“ನೀ ಭಾಳ ದೊಡ್ಡ ಮನಸಿನಾಕಿ, ತಂಗಿ. ನನ್ನ ಮಾಫ್ ಮಾಡಿದಿ.”

“ಮಾಫ್ ಯಾರು ಮಾಡ್ಯಾರ?” ಎಂದೆ. “ನೀವು ಸತ್ರ ಪೊಲೀಸರಿಗೆ ಬರದ ಆ ಕಾಗದಕ್ಕ ಏನ್ ಕಿಮ್ಮತ್ತು? ನೀಲಪ್ಪ ಹಂಗ ಅಂದಿಲ್ಲ ಅಂತಾನ ನಿಮ್ಮ ಮಾಲಕ. ನೀವು ಬದುಕಬೇಕ್ರಿ, ಕಾಕಾ. ಕೋರ್ಟಿನಾಗ ಆ ಮಾಲಕನ ಮುಂದ ನಿಂತು ಅಶ್ಫಾಕನ ಹೆಸರು ಹಿಡಿದು ಇನ್ನೊಮ್ಮೆ ಹೇಳಬೇಕು. ಅಲ್ಲೀತನಕ ನಿಮ್ಮನ್ನ ಸಾಯಾಕ ಬಿಡೂದಿಲ್ಲ.”

ಅವನು ನನ್ನ ಕೈ ಹಿಡಿದುಕೊಂಡಿದ್ದ. ಬಿಡಿಸಿಕೊಂಡು ಸಲೈನ್ ಬಾಟಲಿ ಬದಲಿಸಿದೆ.