ಪಂಕ್ತಿಯಿಂದ ಏಳದ ರಾಜಕುಮಾರ

೧೯೯೬ರಲ್ಲಿ ಡೆನ್ಮಾರ್ಕಿನ ಕಿರಿಯ ರಾಜಕುಮಾರ ಎಸ್ಕಿಲ್ ವಾಷಿಂಗ್ಟನ್ನಿನ ರಾಯಭಾರ ಕಚೇರಿಯಲ್ಲಿ ಸೇನಾಧಿಕಾರಿಯಾಗಿದ್ದ. ಅವನನ್ನು ಪಕ್ಕದೂರು ಫೇರ್‌ಫ್ಯಾಕ್ಸಿನ ನಮ್ಮ ಕನ್ನಡಿಗರ ಯುಗಾದಿ ಊಟಕ್ಕೆ ಕರೆತಂದವನು ನಾನೇ. ನಾನು ಬಡಿಸಿದ ನಲವತ್ತು ಹೋಳಿಗೆಯನ್ನೂ ತಿಂದು ಮುಗಿಸಿದ. ಮೂರು ಗಂಟೆಗೆ ಅವನ ಬಡ್ತಿಯ ಸಮಾರಂಭ. ಎರಡೂವರೆಯಾದರೂ ಎಲೆ ಬಿಟ್ಟು ಏಳಲೊಲ್ಲ. ಮುಖ್ಯ ಅತಿಥಿ ಏಳದೆ ಪಂಕ್ತಿ ಏಳುವುದುಂಟೆ? ಸಾವಿರ ಜನರ ಎಂಜಲು ಕೈ ಒಣಗಿ ಕಲ್ಲಾಯಿತು.

"ಸರ್, ಟೈಮ್ ಆಯ್ತು, ಏಳಲ್ವಾ?" ಎಂದೆ.

"ಹಿರಿಯರು ಏಳಲಿ. ಅರಮನೆಯಲ್ಲಿ ಅಣ್ಣ ಎದ್ದ ಮೇಲೇ ನಾನು ಏಳೋದು," ಎಂದ.

ಅವನ ಮಾತನ್ನು ನಾನು ಕನ್ನಡದಲ್ಲಿ ಹೇಳಿದಾಗ ಪಕ್ಕದಲ್ಲಿದ್ದ ಎಂಬತ್ತರ ಶಾಂತವ್ವ ಅವನ ಬೆನ್ನು ತಟ್ಟಿದರು. "ಇವತ್ತ ನೀನ ದೊಡ್ಡಾಂವ, ಏಳಪಾ. ನನ್ನ ಮೊಣಕಾಲು ಹಿಡದಾವು!"

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಎಸ್ಕಿಲ್ ಹುಟ್ಟಿದಾರಭ್ಯ ಮೊದಲ ಸಲ ಎಲ್ಲರಿಗಿಂತ ಮುಂಚೆ ಎದ್ದ. ಸಮಾರಂಭಕ್ಕೆ ಎರಡು ನಿಮಿಷ ಮೊದಲೇ ಮುಟ್ಟಿಸಿದ್ದು ನನ್ನ ಕಾರು. ಸದಾ ಗಿಜಿಗುಡುವ ವಾಷಿಂಗ್ಟನ್ನಿನ ವರ್ತುಲ ಹೆದ್ದಾರಿ ಬೆಲ್ಟ್‌ವೇ ಅಂದು ನನಗೆಂದೇ ಖಾಲಿಯಾಗಿತ್ತು.